ಸಮುದ್ರ ಕಾಣದ ಊರಿನವರಿಗೆ ಎಝಿಮಲದ ಕಥೆ

ಪ್ರಶ್ನೆ: ನಮ್ಮದು ಚನ್ನರಾಯಪಟ್ಟಣದ ಹತ್ತಿರ ಒಂದು ಹಳ್ಳಿ. ತೆಂಗಿನ ತೋಟ ಇದೆ. ಮಗ ಹಾಸನದಲ್ಲಿ ಎರಡನೇ ಪಿಯುಸಿ ಓದುತ್ತಿದ್ದಾನೆ. ಮೊಬೈಲಿನಲ್ಲಿ ಕೇರಳದ ಎಝಿಮಲದ ನೌಕಾ ಅಕಾಡೆಮಿಯ ಪೆರೇಡ್ ನೋಡಿದಾಗಿನಿಂದ ನೌಕಾಪಡೆಗೇ ಸೇರುತ್ತೇನೆ ಅಂತ ಹಟ ಹಿಡಿದು ಕೂತಿದ್ದಾನೆ. ಬಿಳಿ ಬಟ್ಟೆ, ಕತ್ತಿ, ನಿಧಾನಕ್ಕೆ ಹೆಜ್ಜೆ ಹಾಕುತ್ತಾ ಹೋಗೋದು, ನೋಡೋಕೇನೋ ಚೆನ್ನಾಗಿದೆ. ಆದರೆ ನಮ್ಮ ಭಾವ "ಇದೆಲ್ಲ ಬ್ರಿಟಿಷರು ಬಿಟ್ಟುಹೋದ ಡೌಲು, ಹಾಸನದವರಿಗೂ ಸಮುದ್ರಕ್ಕೂ ಏನು ಸಂಬಂಧ" ಅಂತಾರೆ. ಈ ಅಕಾಡೆಮಿ ಯಾವಾಗ ಶುರುವಾಯಿತು, ಈ ಪದ್ಧತಿಗಳೆಲ್ಲ ಯಾಕೆ, ಹಳ್ಳಿ ಹುಡುಗ ಅಲ್ಲಿ ನಿಲ್ಲುತ್ತಾನಾ, ದಯವಿಟ್ಟು ತಿಳಿಸಿ.

ಉತ್ತರ: ನಿಮ್ಮ ಭಾವನವರ ಮಾತಿನಿಂದಲೇ ಶುರು ಮಾಡುತ್ತೇನೆ ತಾಯಿ. ಅದರಲ್ಲಿ ಅರ್ಧ ನಿಜ ಇದೆ. ಉಳಿದರ್ಧಕ್ಕೆ ಸ್ವಲ್ಪ ಹೊತ್ತು ಬೇಕು, ಕಾಫಿ ಮಾಡಿಕೊಂಡು ಕೂತು ಓದಿ.

ನಾನು ಸಕಲೇಶಪುರದ ಕಡೆಯವನು. ಈಗ ಕಾಫಿ, ಮೆಣಸು ನೋಡಿಕೊಂಡು ಮನೆಯಲ್ಲಿದ್ದೇನೆ. ಅದಕ್ಕೆ ಮೊದಲು ಇಪ್ಪತ್ತೈದು ವರ್ಷಕ್ಕೂ ಜಾಸ್ತಿ ನೌಕಾಪಡೆಯಲ್ಲಿದ್ದೆ. ನನ್ನ ಟ್ರೇನಿಂಗ್ ಆಗಿದ್ದು ಗೋವಾದಲ್ಲಿ, ಎಂಬತ್ತರ ದಶಕದ ಕೊನೆಯಲ್ಲಿ. ಆಮೇಲೆ ಎಝಿಮಲದಲ್ಲಿ ಎರಡು ವರ್ಷ ಹುಡುಗರಿಗೆ ಪಾಠ ಹೇಳಿದ್ದೇನೆ. ಹಾಗಾಗಿ ಎರಡೂ ಕಡೆಯಿಂದ ನೋಡಿದ್ದೇನೆ ಅನ್ನಬಹುದು. ಬೈಸಿಕೊಂಡೂ ಗೊತ್ತು, ಬೈದೂ ಗೊತ್ತು.

ಅಕಾಡೆಮಿಯ ಚರಿತ್ರೆ ನಮ್ಮ ಎಷ್ಟೋ ಸಂಸಾರಗಳ ಕಥೆಯ ಹಾಗೇ ಇದೆ. ಮೊದಲು ಬೇರೆಯವರ ಮನೆ, ಆಮೇಲೆ ಬಾಡಿಗೆ ಮನೆ, ಅದಾದ ಮೇಲೆ ಇನ್ನೊಂದು ಬಾಡಿಗೆ ಮನೆ, ಕೊನೆಗೆ ಸ್ವಂತದ್ದು. ಬ್ರಿಟಿಷರ ಕಾಲದಲ್ಲಿ ಬಹಳ ವರ್ಷ ಇಲ್ಲಿನ ಹುಡುಗರಿಗೆ ನೌಕಾ ಅಧಿಕಾರಿಯಾಗುವ ದಾರಿಯೇ ಇರಲಿಲ್ಲ. 1927ರಲ್ಲಿ ಬೊಂಬಾಯಿಯಲ್ಲಿ ಡಫರಿನ್ ಅನ್ನುವ ಹಡಗನ್ನು ಭಾರತೀಯ ಹುಡುಗರ ತರಬೇತಿಗೆ ಕೊಟ್ಟರು. ಅದು ಮುಖ್ಯವಾಗಿ ವ್ಯಾಪಾರಿ ಹಡಗುಗಳಿಗಾಗಿ ಇದ್ದದ್ದು. ಆದರೂ ಅಲ್ಲಿ ಕಲಿತ ರಾಮ್ ದಾಸ್ ಕಟಾರಿ ಅವರು 1958ರಲ್ಲಿ ನಮ್ಮ ನೌಕಾಪಡೆಗೆ ಮೊದಲ ಭಾರತೀಯ ಮುಖ್ಯಸ್ಥರಾದರು. ಲೆಕ್ಕ ಹಾಕಿ ನೋಡಿ. ಸ್ವಾತಂತ್ರ್ಯ ಬಂದು ಸುಮಾರು ಹನ್ನೊಂದು ವರ್ಷ ನಮ್ಮ ನೌಕಾಪಡೆಯ ತಲೆಯ ಮೇಲೆ ಇಂಗ್ಲಿಷರೇ ಕೂತಿದ್ದರು. ಭೂಸೇನೆಗೆ ಕಾರಿಯಪ್ಪನವರು 1949ರಲ್ಲೇ ಬಂದಿದ್ದರು, ಅಲ್ವಾ? ನೌಕಾಪಡೆಯಲ್ಲಿ ತಡವಾಯಿತು. ದೊಡ್ಡ ಹಡಗು ನಡೆಸಿದ ಅನುಭವ ಇರುವ ಹಿರಿಯರು ನಮ್ಮಲ್ಲಿ ಇನ್ನೂ ತಯಾರಾಗಿರಲಿಲ್ಲ. ಅಧಿಕಾರಿಯನ್ನು ತಯಾರು ಮಾಡೋದು ತೆಂಗು ಬೆಳೆಸಿದ ಹಾಗೆ, ಇವತ್ತು ಗುಂಡಿ ತೆಗೆದು ನಾಳೆ ಎಳನೀರು ಕುಡಿಯೋಕೆ ಆಗುವುದಿಲ್ಲ. ಇದು ನಿಮಗೆ ನಾನು ಹೇಳಬೇಕಾಗಿಲ್ಲ.

ಆ ದಿನಗಳಲ್ಲಿ ನಮ್ಮ ಹುಡುಗರು ಇಂಗ್ಲೆಂಡಿನ ಡಾರ್ಟ್‌ಮತ್‌ಗೆ ಹೋಗಿ ಕಲಿಯಬೇಕಿತ್ತು. ನೀವು ವಿಡಿಯೊದಲ್ಲಿ ನೋಡಿದ ಬಹಳಷ್ಟು ಪದ್ಧತಿ ಬಂದದ್ದು ಅಲ್ಲಿಂದಲೇ. ನಿಮ್ಮ ಭಾವನವರ ಅರ್ಧ ನಿಜ ಅಂದದ್ದು ಇದಕ್ಕೆ.

ಆಮೇಲೆ ಪುಣೆಯ ಹತ್ತಿರ ಖಡಕ್‌ವಾಸ್ಲಾದಲ್ಲಿ ಎನ್‌ಡಿಎ, ಅಂದರೆ ರಾಷ್ಟ್ರೀಯ ರಕ್ಷಣಾ ಅಕಾಡೆಮಿ ಬಂತು. ಅಡಿಗಲ್ಲು 1949ರಲ್ಲಿ, ಉದ್ಘಾಟನೆ 1955ರಲ್ಲಿ. ಭೂಸೇನೆ, ನೌಕಾಪಡೆ, ವಾಯುಪಡೆ ಮೂರಕ್ಕೂ ಹೋಗುವ ಹುಡುಗರು ಮೂರು ವರ್ಷ ಒಟ್ಟಿಗೆ ಕಲಿಯುವ ಜಾಗ ಅದು. ಇಲ್ಲೊಂದು ತಮಾಷೆ ಇದೆ, ನಿಮ್ಮ ಭಾವನವರಿಗೆ ಹೇಳಿ. ಖಡಕ್‌ವಾಸ್ಲಾದಲ್ಲಿ ಸಮುದ್ರ ಎಲ್ಲಿದೆ? ಇರುವುದು ಒಂದು ಅಣೆಕಟ್ಟಿನ ಹಿನ್ನೀರು, ನಮ್ಮ ಗೊರೂರಿನ ಹಾಗೆ. ಈ ದೇಶದ ಎಷ್ಟೋ ಅಡ್ಮಿರಲ್‌ಗಳು ಮೊದಲು ಹಾಯಿ ಎಳೆದದ್ದು ಆ ಹಿನ್ನೀರಿನಲ್ಲಿ.

ಅರವತ್ತರ ದಶಕದಲ್ಲಿ ನೌಕಾಪಡೆ ಬೆಳೆಯಿತು. ಹಡಗು ಜಾಸ್ತಿ ಆದವು, ಅಧಿಕಾರಿಗಳು ಸಾಲಲಿಲ್ಲ. ಎನ್‌ಡಿಎಯಿಂದ ಬರುವವರ ಜೊತೆಗೆ ನೇರವಾಗಿ ಸೇರುವವರಿಗೂ ಒಂದು ಜಾಗ ಬೇಕಾಯಿತು. 1969ರ ಮೇ ತಿಂಗಳಲ್ಲಿ ಕೊಚ್ಚಿಯಲ್ಲಿ ತಾತ್ಕಾಲಿಕವಾಗಿ ನೌಕಾ ಅಕಾಡೆಮಿ ಶುರು ಮಾಡಿದರು. ನಮ್ಮಲ್ಲಿ ತಾತ್ಕಾಲಿಕ ಅಂದರೆ ಏನು ಅಂತ ನಿಮಗೆ ಗೊತ್ತೇ ಇದೆ. ಹದಿನೇಳು ವರ್ಷ ಅಲ್ಲೇ ಇತ್ತು. 1986ರಲ್ಲಿ ಗೋವಾಕ್ಕೆ ಹೋಯಿತು. ಪಣಜಿಯ ಎದುರು ದಡದಲ್ಲಿ ವೆರೆಂ ಅಂತ ಊರು, ಅಲ್ಲಿ ಐಎನ್‌ಎಸ್ ಮಾಂಡೋವಿ ಅನ್ನುವ ನೌಕಾನೆಲೆ. ನಾನು ಟ್ರಂಕು ಹೊತ್ತುಕೊಂಡು ಇಳಿದದ್ದು ಅಲ್ಲಿ. ಅದೂ ತಾತ್ಕಾಲಿಕವೇ. ಈ ಸಲ ಇಪ್ಪತ್ತೆರಡು ವರ್ಷಕ್ಕೂ ಮೇಲೆ.

ಸ್ವಂತ ಮನೆಯ ಅಡಿಗಲ್ಲನ್ನು ಎಝಿಮಲದಲ್ಲಿ ಇಟ್ಟದ್ದು 1987ರ ಜನವರಿ 17ರಂದು, ಪ್ರಧಾನಿ ರಾಜೀವ್ ಗಾಂಧಿ. ಬಾಗಿಲು ತೆರೆದದ್ದು 2009ರ ಜನವರಿ 8ರಂದು, ಪ್ರಧಾನಿ ಮನಮೋಹನ್ ಸಿಂಗ್. ಇಪ್ಪತ್ತೆರಡು ವರ್ಷ! ಹಾಸನ–ಮಂಗಳೂರು ರೈಲಿನ ಹಳಿ ಬದಲಾಯಿಸುತ್ತೇವೆ ಅಂತ ಹತ್ತು ವರ್ಷಕ್ಕೂ ಹೆಚ್ಚು ರೈಲೇ ಇಲ್ಲದಂತೆ ಮಾಡಿದ್ದನ್ನು ನೋಡಿದವರು ನಾವು, ನಮಗೆ ಇದರಲ್ಲಿ ಆಶ್ಚರ್ಯ ಇಲ್ಲ. ಅಕಾಡೆಮಿಗೆ ಅನ್ನ, ನೀರು, ಅಂಗಡಿ, ಆಡಳಿತ ಎಲ್ಲ ನೋಡಿಕೊಳ್ಳುವ ಐಎನ್‌ಎಸ್ ಝಾಮೊರಿನ್ ನೆಲೆ 2005ರಲ್ಲೇ ತಯಾರಾಗಿತ್ತು.

ಜಾಗ ಒಟ್ಟು 2452 ಎಕರೆ. ಕೇರಳದ ಕಣ್ಣೂರು ಜಿಲ್ಲೆ. ಒಂದು ಕಡೆ ಬೆಟ್ಟ, ಒಂದು ಕಡೆ ಕವ್ವಾಯಿ ಹಿನ್ನೀರು, ಎದುರಿಗೆ ಅರಬ್ಬಿ ಸಮುದ್ರ. ಇಷ್ಟು ಜಾಗ ಸುಮ್ನೆ ಖಾಲಿ ಬಿದ್ದಿರಲಿಲ್ಲ. ಅಲ್ಲಿನ ಕುಟುಂಬಗಳು ಮನೆ, ತೋಟ ಬಿಟ್ಟುಕೊಟ್ಟು ಎದ್ದು ಹೋದವು. ಹೇಮಾವತಿ ಅಣೆಕಟ್ಟಿಗೆ ಊರು ಬಿಟ್ಟವರ ಜಿಲ್ಲೆ ನಮ್ಮದು. ಮಳೆಗಾಲದಲ್ಲಿ ಶೆಟ್ಟಿಹಳ್ಳಿಯ ಚರ್ಚು ಅರ್ಧ ಮುಳುಗಿ ನಿಂತಾಗ ಎಲ್ಲರೂ ಫೋಟೊ ತೆಗೆಯುತ್ತಾರೆ. ಸುತ್ತಲಿದ್ದ ಮನೆಗಳ ಮಾತು ಯಾರೂ ಆಡುವುದಿಲ್ಲ. ಎಝಿಮಲದ ಪೆರೇಡ್ ನೋಡುವಾಗ ನನಗೆ ಇದೂ ನೆನಪಾಗುತ್ತದೆ.

ಎಝಿಮಲ ಅನ್ನುವ ಹೆಸರು ಕೇಳಿ ಹೆದರಬೇಡಿ. ಅವರ ಎಝು ನಮ್ಮ ಏಳು. ಅವರ ಮಲ ನಮ್ಮ ಮಲೆನಾಡಿನ ಮಲೆ. ಏಳು ಮಲೆ ಅಂತ ಅರ್ಥ ಹೇಳುತ್ತಾರೆ. ಹನುಮಂತ ಸಂಜೀವಿನಿ ಬೆಟ್ಟ ಹೊತ್ತು ಹಾರುವಾಗ ಒಂದು ಚೂರು ಇಲ್ಲಿ ಬಿತ್ತು, ಅದಕ್ಕೇ ಈ ಬೆಟ್ಟದಲ್ಲಿ ಔಷಧಿ ಗಿಡ ಜಾಸ್ತಿ ಅನ್ನುವ ಕಥೆಯೂ ಇದೆ. ನಾವಿಕರಿಗೆ ಮಾತ್ರ ಇದು ಬೇರೆ ಕಾರಣಕ್ಕೆ ಮುಖ್ಯ. ತಗ್ಗಾದ ಕರಾವಳಿಯಲ್ಲಿ ಸಮುದ್ರದೊಳಕ್ಕೆ ಚಾಚಿ ಎದ್ದು ನಿಂತ ಬೆಟ್ಟ ಇದು, ದೂರದಿಂದಲೇ ಕಾಣುತ್ತದೆ. ಮಾರ್ಕೊ ಪೋಲೊ ಇಲ್ಲಿನ ನಾಡನ್ನು ಎಲಿ ಅಂತ ಬರೆದಿದ್ದಾನೆ. 1498ರಲ್ಲಿ ವಾಸ್ಕೊ ಡ ಗಾಮಾನ ಹಡಗಿನವರಿಗೆ ಭಾರತದ ನೆಲ ಅಂತ ಮೊದಲು ಕಂಡದ್ದು ಈ ಬೆಟ್ಟವೇ ಅಂತ ಹೇಳುತ್ತಾರೆ. ಹೊರಗಿನವರು ಸಮುದ್ರದಿಂದ ನಮ್ಮನ್ನು ಮೊದಲು ನೋಡಿದ ಜಾಗದಲ್ಲಿ ಇವತ್ತು ನಮ್ಮ ಹುಡುಗರು ನಿಂತು ಸಮುದ್ರ ನೋಡುವುದನ್ನು ಕಲಿಯುತ್ತಾರೆ. ಜಾಗ ಆರಿಸಿದವರು ಇದನ್ನು ಯೋಚಿಸಿದ್ದರೋ ಇಲ್ಲವೋ, ನನಗೆ ಖುಷಿ.

ಈಗ ಪದ್ಧತಿಗಳ ಮಾತು. ನಾನು ಹೊಸ ಕೆಡೆಟ್‌ಗಳಿಗೆ ಹೇಳುತ್ತಿದ್ದದ್ದು ಒಂದೇ. ಯಾವ ಪದ್ಧತಿ ಕಂಡರೂ "ಇದು ಮೊದಲು ಯಾವ ಕೆಲಸಕ್ಕೆ ಬಂದದ್ದು" ಅಂತ ಕೇಳಿ. ಉತ್ತರ ಸಿಕ್ಕರೆ ಅದು ಡೌಲಲ್ಲ.

ಸಲಾಮನ್ನೇ ತೆಗೆದುಕೊಳ್ಳಿ. ಭೂಸೇನೆಯವರ ಸಲಾಮಿನಲ್ಲಿ ಅಂಗೈ ಎದುರಿನವರಿಗೆ ಪೂರ್ತಿ ಕಾಣುತ್ತದೆ. ನೌಕಾಪಡೆಯಲ್ಲಿ ಅಂಗೈ ನೆಲದ ಕಡೆಗೆ ಬಗ್ಗಿರುತ್ತದೆ. ವಿಡಿಯೊ ಮತ್ತೆ ಹಾಕಿ ನೋಡಿ. ಹಾಯಿ ಹಡಗಿನ ಕಾಲದಲ್ಲಿ ನಾವಿಕರ ಕೈ ಸದಾ ಹಗ್ಗ, ಡಾಂಬರು, ಜಿಡ್ಡು. ಆ ಅಂಗೈಯನ್ನು ಕ್ಯಾಪ್ಟನ್ ಮುಖಕ್ಕೆ ಹಿಡಿಯಬಾರದು ಅಂತ ಕೈ ತಿರುಗಿಸಿದರು ಅಂತ ಹೇಳುತ್ತಾರೆ. ನಮ್ಮ ಕಡೆ ಹಸಿ ಅಡಿಕೆ ಸುಲಿದವರ ಕೈ ನೋಡಿದ್ದೀರಲ್ಲ, ಎಷ್ಟು ತಿಕ್ಕಿದರೂ ವಾರಗಟ್ಟಲೆ ಕರೆ ಹೋಗುವುದಿಲ್ಲ. ಆ ಹೊತ್ತಿನಲ್ಲಿ ಮನೆಗೆ ನೆಂಟರು ಬಂದರೆ ಕೈ ಮುಚ್ಚಿಕೊಂಡೇ ಮಾತಾಡುತ್ತಾರೆ. ಅದೇ ಇದು. ದುಡಿಯುವವರ ಸಂಕೋಚ ಒಂದು ಪಡೆಯ ಸಲಾಮು ಆಗಿ ಉಳಿದಿದೆ. ನನಗೆ ಇದು ಬಹಳ ಇಷ್ಟ.

ಇನ್ನು ಗಂಟೆ. ಹಡಗಿನಲ್ಲಿ ದಿನವನ್ನು ನಾಲ್ಕು ನಾಲ್ಕು ಗಂಟೆಯ ಪಾಳಿಗಳಾಗಿ ಒಡೆಯುತ್ತಾರೆ. ಪ್ರತಿ ಅರ್ಧ ಗಂಟೆಗೊಮ್ಮೆ ಗಂಟೆ, ಪ್ರತಿ ಸಲ ಒಂದು ಏಟು ಜಾಸ್ತಿ. ಎಂಟು ಏಟು ಬಾರಿಸಿದರೆ ಒಂದು ಪಾಳಿ ಮುಗಿಯಿತು ಅಂತ. ಅರ್ಧ ಗಂಟೆಯ ಮರಳು ಗಡಿಯಾರ ತಿರುಗಿಸಿ ಹೊತ್ತು ಅಳೆಯುತ್ತಿದ್ದ ಕಾಲದ್ದು ಇದು. ಇದರಲ್ಲಿ ಒಂದು ಜಾಣತನ ಇದೆ. ಸಂಜೆ ನಾಲ್ಕರಿಂದ ಎಂಟರ ಪಾಳಿಯನ್ನು ಮಾತ್ರ ಎರಡು ಮಾಡಿ, ನಾಲ್ಕರಿಂದ ಆರು ಒಬ್ಬರಿಗೆ, ಆರರಿಂದ ಎಂಟು ಇನ್ನೊಬ್ಬರಿಗೆ ಕೊಡುತ್ತಾರೆ. ಇವನ್ನು ಡಾಗ್ ವಾಚ್ ಅಂತಾರೆ. ಯಾಕೆ? ಆರು ಪಾಳಿ ಇದ್ದರೆ ನಡುರಾತ್ರಿ ಹನ್ನೆರಡರ ಪಾಳಿ ದಿನಾ ಒಬ್ಬನಿಗೇ ಬೀಳುತ್ತದೆ. ಏಳು ಆದರೆ ದಿನಾ ಬದಲಾಗುತ್ತದೆ. ಪಂಪ್‌ಸೆಟ್ಟಿಗೆ ತ್ರೀಫೇಸ್ ಕರೆಂಟು ರಾತ್ರಿ ಪಾಳಿಯಲ್ಲಿ ಕೊಟ್ಟ ವಾರ ಊರಲ್ಲಿ ಎಷ್ಟು ಗೊಣಗಾಟ ಇರುತ್ತದೆ, ನಿಮಗೆ ಗೊತ್ತು. ಅದು ಒಂದೇ ಬೀದಿಗೆ ವರ್ಷಪೂರ್ತಿ ಆದರೆ? ಸಮುದ್ರದ ನಡುವೆ ಅಂಥ ಗೊಣಗಾಟ ಜಗಳವಾಗುತ್ತದೆ, ಜಗಳ ಹಡಗನ್ನೇ ತಿನ್ನುತ್ತದೆ. ಯಾರೋ ಪುಣ್ಯಾತ್ಮ ಕೂತು ಲೆಕ್ಕ ಹಾಕಿ ಸರಿಮಾಡಿದ್ದಾನೆ.

ಕ್ವಾರ್ಟರ್‌ಡೆಕ್ ಅಂದರೆ ಹಡಗಿನ ಹಿಂಭಾಗದ ಅಟ್ಟ. ಹಳೇ ಹಡಗುಗಳಲ್ಲಿ ಕ್ಯಾಪ್ಟನ್ ನಿಲ್ಲುತ್ತಿದ್ದ ಜಾಗ. ಧ್ವಜ ಹಾರುವುದೂ ಹಿಂಭಾಗದಲ್ಲೇ. ಯಾರೇ ಹಡಗು ಹತ್ತಿದರೂ ಆ ಕಡೆಗೆ ತಿರುಗಿ ಸಲಾಮು ಹೊಡೆಯುತ್ತಾರೆ. ನಾವು ಗುಡಿಯ ಹೊಸ್ತಿಲು ಮುಟ್ಟಿ ಒಳಗೆ ಹೋದ ಹಾಗೆ. ಎಝಿಮಲದಲ್ಲಿ ನೆಲದ ಮೇಲೇ ಒಂದು ಕ್ವಾರ್ಟರ್‌ಡೆಕ್ ಇದೆ. ಟ್ರೇನಿಂಗ್ ಮುಗಿಸಿದವರು ಬಂದೂಕು, ಕತ್ತಿ ಸಲಾಮಿನಲ್ಲಿ ಹಿಡಿದು ಅದರ ಮುಂದೆ ನಿಧಾನಕ್ಕೆ ಹೆಜ್ಜೆ ಹಾಕುತ್ತಾ ಹೊರಟುಹೋಗುತ್ತಾರೆ. ನಿಮ್ಮ ಮಗ ನೋಡಿದ್ದು ಅದೇ. ಅದಕ್ಕೆ ಅಂತಿಮ್ ಪಗ್ ಅಂತಾರೆ, ಕೊನೆಯ ಹೆಜ್ಜೆ. ಬ್ಯಾಂಡಿನವರು ಸ್ಕಾಟ್ಲೆಂಡಿನ ಒಂದು ಹಳೇ ಬೀಳ್ಕೊಡುಗೆ ರಾಗ ನುಡಿಸುತ್ತಾರೆ. ರಾಗ ಪರದೇಶದ್ದು, ಒಪ್ಪಿಕೊಳ್ಳುತ್ತೇನೆ. ಅದನ್ನು ಬದಲಾಯಿಸಬೇಕು ಅನ್ನುವವರೂ ಇದ್ದಾರೆ. ನನಗೇನೂ ತಕರಾರಿಲ್ಲ, ಒಳ್ಳೇ ರಾಗ ಸಿಕ್ಕರೆ.

ಬ್ರಿಟಿಷರ ಗುರುತುಗಳ ಬಗ್ಗೆ ನಿಮ್ಮ ಭಾವನವರಿಗೆ ಒಂದು ಕಥೆ ಹೇಳಬೇಕು. ನೌಕಾಪಡೆಯ ಧ್ವಜದಲ್ಲಿ ಇಂಗ್ಲೆಂಡಿನ ಸೇಂಟ್ ಜಾರ್ಜ್ ಶಿಲುಬೆಯ ಕೆಂಪು ಗೆರೆ ಬಹಳ ವರ್ಷ ಇತ್ತು. 2001ರಲ್ಲಿ ಅದನ್ನು ತೆಗೆದು ಬಿಳಿ ಬಟ್ಟೆಯ ಮೇಲೆ ನೌಕಾಪಡೆಯ ನೀಲಿ ಲಾಂಛನ ಹಾಕಿದರು. ಎಲ್ಲರಿಗೂ ಸಮಾಧಾನ. ಆದರೆ ಸಮುದ್ರದಲ್ಲಿ ನೋಡಿದರೆ ಆಕಾಶವೂ ನೀಲಿ, ನೀರೂ ನೀಲಿ, ಧ್ವಜದ ಲಾಂಛನವೂ ನೀಲಿ. ದೂರದಿಂದ ಕಾಣುತ್ತಲೇ ಇರಲಿಲ್ಲ! ಮೂರೇ ವರ್ಷದಲ್ಲಿ, 2004ರಲ್ಲಿ, ಕೆಂಪು ಗೆರೆ ವಾಪಸು ಬಂತು. ನಡುವೆ ಅಶೋಕ ಲಾಂಛನ ಸೇರಿತು. ಕೊನೆಗೆ 2022ರ ಸೆಪ್ಟೆಂಬರ್ 2ರಂದು, ವಿಕ್ರಾಂತ್ ಹಡಗು ಸೇವೆಗೆ ಸೇರಿದ ದಿನ, ಹೊಸ ಧ್ವಜ ಬಂತು. ಎಂಟು ಮೂಲೆಯ ಚೌಕಟ್ಟು, ಶಿವಾಜಿ ಮಹಾರಾಜರ ಮುದ್ರೆಯಿಂದ ತೆಗೆದುಕೊಂಡದ್ದು. ಬದಲಾವಣೆ ಬೇಡ ಅಂತ ನೌಕಾಪಡೆ ಕೂತಿಲ್ಲ. ಬದಲಾಯಿಸಿದ್ದು ಕೆಲಸ ಮಾಡಬೇಕು, ಅಷ್ಟೇ. ಧ್ವಜದ ಕೆಲಸ ಕಾಣಿಸೋದು.

ನಮ್ಮದೇ ಆದ ಪದ್ಧತಿಯೂ ಇದೆ. ನೌಕಾಪಡೆಯ ಧ್ಯೇಯವಾಕ್ಯ "ಶಂ ನೋ ವರುಣಃ", ವರುಣ ನಮಗೆ ಒಳಿತು ಮಾಡಲಿ ಅಂತ. ತೈತ್ತಿರೀಯ ಉಪನಿಷತ್ತಿನದು, ಸೂಚಿಸಿದವರು ರಾಜಾಜಿ. ಅಕಾಡೆಮಿಯದು "ವಿದ್ಯಯಾಽಮೃತಮಶ್ನುತೇ", ಈಶಾವಾಸ್ಯದ್ದು. ಪ್ರಮಾಣವಚನ ತೆಗೆದುಕೊಳ್ಳುವುದು ಯಾವ ರಾಜನ ಹೆಸರಿನಲ್ಲೂ ಅಲ್ಲ, ಭಾರತದ ಸಂವಿಧಾನದ ಹೆಸರಿನಲ್ಲಿ. ನೆಲ, ನೀರು, ಗಾಳಿ ಎಲ್ಲಿಗೆ ಕಳಿಸಿದರೂ ಹೋಗುತ್ತೇನೆ, ಪ್ರಾಣಕ್ಕೆ ಅಪಾಯ ಬಂದರೂ ಸರಿ ಅಂತ. ಹಳೇಬೀಡಿಗೆ ಹೋದಾಗ ದೇವಸ್ಥಾನದ ಪಕ್ಕದ ಗರುಡ ಕಂಬ ನೋಡಿದ್ದೀರಾ? ಜನ ಅದನ್ನು ದಾಟಿಕೊಂಡು ಹೋಗಿಬಿಡುತ್ತಾರೆ. ಕುವರ ಲಕ್ಷ್ಮ ಅನ್ನುವವನು ವೀರ ಬಲ್ಲಾಳನಿಗೆ ಮಾತು ಕೊಟ್ಟಿದ್ದ. ರಾಜ ಸತ್ತ ಮೇಲೆ ಹೆಂಡತಿ, ಸಂಗಾತಿಗಳ ಜೊತೆ ತಾನೂ ಪ್ರಾಣ ಕೊಟ್ಟ. ಕಂಬದ ಮೇಲೆ ಅವರು ತಲೆ ಕೊಯ್ದುಕೊಳ್ಳುವ ಶಿಲ್ಪವೇ ಇದೆ. ನನಗೆ ಆ ಕಂಬ ನೋಡಿದರೆ ಮೈ ಜುಮ್ಮೆನ್ನುತ್ತದೆ, ಹೆದರಿಕೆಯೂ ಆಗುತ್ತದೆ. ಒಬ್ಬ ಮನುಷ್ಯನಿಗೆ ಕೊಟ್ಟ ಮಾತು ಅಲ್ಲಿಗೆ ಒಯ್ಯಬಹುದು. ಬರೆದಿಟ್ಟ ಸಂವಿಧಾನಕ್ಕೆ ಮಾತು ಕೊಡುವುದು ಎಷ್ಟೋ ಮೇಲು.

ರಾಷ್ಟ್ರಪತಿಗಳ ಧ್ವಜ ಅಂತ ಒಂದು ಗೌರವ ಇದೆ. ನೌಕಾಪಡೆಗೆ ಅದು ಸಿಕ್ಕಿದ್ದು 1951ರಲ್ಲಿ, ಬಾಬು ರಾಜೇಂದ್ರ ಪ್ರಸಾದರ ಕೈಯಿಂದ. ಅಕಾಡೆಮಿಗೆ ಸಿಕ್ಕಿದ್ದು 2019ರ ನವೆಂಬರ್ 20ರಂದು, ರಾಮನಾಥ ಕೋವಿಂದರಿಂದ.

ಕೆಡೆಟ್‌ಗಳನ್ನು ಆರು ಸ್ಕ್ವಾಡ್ರನ್ ಮಾಡಿರುತ್ತಾರೆ. ಅಚೀವರ್, ಬ್ರೇವ್‌ಹಾರ್ಟ್, ಚೀತಾ, ಡೇರ್‌ಡೆವಿಲ್, ಈಗಲ್, ಫೈಟರ್. ಇಂಗ್ಲಿಷಿನ ಎ ಇಂದ ಎಫ್‌ವರೆಗೆ. ಸ್ಕೂಲಿನ ಹೌಸ್‌ಗಳ ಹಾಗೆ, ಆದರೆ ಪೈಪೋಟಿ ನೂರು ಪಾಲು ಜಾಸ್ತಿ. ಓಟ, ಬಾಕ್ಸಿಂಗ್, ದೋಣಿ, ಓದು, ಹಾಸಿಗೆ ಮಡಿಚುವುದು, ಎಲ್ಲದಕ್ಕೂ ಅಂಕ. ಶ್ರೀಲಂಕಾ, ಮಾಲ್ಡೀವ್ಸ್, ಸೇಶೆಲ್ಸ್, ತಾಂಜಾನಿಯಾದಂಥ ದೇಶಗಳ ಹುಡುಗರೂ ಇರುತ್ತಾರೆ. ನಿಮ್ಮ ಮಗ ಅಲ್ಲಿಗೆ ಹೋದರೆ ತಾಂಜಾನಿಯಾದವನಿಗೆ ಕೋಡುಬಳೆ ರುಚಿ ತೋರಿಸಬಹುದು. ನನ್ನ ಒಬ್ಬ ಕೆಡೆಟ್ ತೋರಿಸಿದ್ದ. ಡಬ್ಬಿ ಒಂದೇ ರಾತ್ರಿಗೆ ಖಾಲಿ.

ಓದಿನ ವಿಷಯವನ್ನು ಮರೆಯಬೇಡಿ. ವಿಡಿಯೊದಲ್ಲಿ ಅದು ಕಾಣುವುದಿಲ್ಲ. ನಾಲ್ಕು ವರ್ಷದ ಬಿಟೆಕ್ ಅಲ್ಲೇ ನಡೆಯುತ್ತದೆ, ಪದವಿ ಕೊಡುವುದು ದೆಹಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯ. ಬೆಳಗಿನ ಜಾವ ಎದ್ದು ವ್ಯಾಯಾಮ ಮಾಡಿ, ಹಗಲೆಲ್ಲ ಎಲೆಕ್ಟ್ರಾನಿಕ್ಸ್ ಅಥವಾ ಮೆಕ್ಯಾನಿಕಲ್ ಪಾಠ ಕೇಳಿ, ಸಂಜೆ ಆಟ ಆಡಿ, ರಾತ್ರಿ ಮತ್ತೆ ಪುಸ್ತಕ. ನಾನು ಪಾಠ ಮಾಡುವಾಗ ಹುಡುಗರು ಕಣ್ಣು ಬಿಟ್ಟುಕೊಂಡೇ ನಿದ್ದೆ ಮಾಡುವ ವಿದ್ಯೆ ಕಲಿತಿದ್ದರು. ಗೊತ್ತಾಗುತ್ತಿತ್ತು. ನಾನೂ ಮಾಡಿದವನೇ, ಹಾಗಾಗಿ ಪೂರ್ತಿ ಬೈಯೋಕೆ ಮನಸ್ಸು ಬರುತ್ತಿರಲಿಲ್ಲ.

ಅಕಾಡೆಮಿ ಮುಗಿದ ಮೇಲೆ ಕೊಚ್ಚಿಯಲ್ಲಿರುವ ತರಬೇತಿ ಹಡಗುಗಳ ದಂಡಿಗೆ ಕಳಿಸುತ್ತಾರೆ. ಅದರಲ್ಲಿ ಐಎನ್‌ಎಸ್ ತರಂಗಿಣಿ ಅಂತ ಮೂರು ಕಂಬದ ಹಾಯಿ ಹಡಗು ಇದೆ. 1997ರಲ್ಲಿ ಸೇವೆಗೆ ಬಂತು, 2003–04ರಲ್ಲಿ ಇಡೀ ಭೂಮಿ ಸುತ್ತಿ ಬಂತು. ಕ್ಷಿಪಣಿ ಕಾಲದಲ್ಲಿ ಹಾಯಿ ಯಾಕೆ ಅಂತ ಹೊಸಬರೆಲ್ಲ ಕೇಳುತ್ತಾರೆ. ಮೋಟಾರ್ ಇದ್ದರೆ ಗಾಳಿಯನ್ನು ಮರೆಯಬಹುದು. ಹಾಯಿ ಹಿಡಿದವನು ಮರೆಯಲಾರ. ಬೆನ್ನಿಗೆ ಬಡಿಯುತ್ತಿದ್ದ ಗಾಳಿ ಕಿವಿಯ ಕಡೆಗೆ ತಿರುಗಿದ್ದು ಚರ್ಮಕ್ಕೆ ಗೊತ್ತಾಗಬೇಕು. ಮಳೆ ಬರುತ್ತೆ ಅಂತ ಮೋಡ ನೋಡದೆ ಮಣ್ಣಿನ ವಾಸನೆಯಲ್ಲೇ ಹೇಳುವ ಮುದುಕರು ನಮ್ಮೂರಲ್ಲಿ ಇರಲಿಲ್ಲವಾ, ಆ ಥರದ ತಿಳಿವಳಿಕೆ. ನಡುರಾತ್ರಿ ಮೂವತ್ತು ಜನ ಒಂದೇ ಹಗ್ಗ ಹಿಡಿದು ಒಂದೇ ಉಸಿರಿಗೆ ಎಳೆಯಬೇಕಾದಾಗ ಯಾರು ಯಾವ ಜಾತಿ, ಯಾವ ಊರು, ಯಾರಪ್ಪ ಏನು ಅನ್ನೋದು ಯಾರ ತಲೆಯಲ್ಲೂ ಇರುವುದಿಲ್ಲ.

ನನಗೆ ಒಪ್ಪಿಗೆ ಇಲ್ಲದ್ದನ್ನೂ ಹೇಳಿಬಿಡುತ್ತೇನೆ. ಸೈನಿಕ ತರಬೇತಿ ಇರುವ ಕಡೆಯೆಲ್ಲ ರಗಡಾ ಅನ್ನುವ ಮಾತು ಕೇಳುತ್ತೀರಿ. ತಪ್ಪು ಮಾಡಿದವರಿಗೆ ಓಡಿಸುವುದು, ಉರುಳಿಸುವುದು, ಬಂದೂಕು ಎತ್ತಿ ನಿಲ್ಲಿಸುವುದು. ಬೋಧಕರು ಲೆಕ್ಕ ಇಟ್ಟು ಕೊಡುವ ಶಿಕ್ಷೆ ಬೇರೆ. ಮೈ ಗಟ್ಟಿಯಾಗುತ್ತದೆ, ಹಟವೂ ಬೆಳೆಯುತ್ತದೆ. ಆದರೆ ಒಂದು ವರ್ಷ ದೊಡ್ಡವನು "ನಮಗೂ ಹೀಗೇ ಮಾಡಿದ್ದರು" ಅಂತ ಚಿಕ್ಕವನನ್ನು ರಾತ್ರಿ ಎಬ್ಬಿಸುವುದಿದೆಯಲ್ಲ, ಅದು ಅತ್ತೆಯ ಮೇಲಿನ ಸಿಟ್ಟನ್ನು ಸೊಸೆಯ ಮೇಲೆ ತೀರಿಸಿದ ಹಾಗೆ. ಅದಕ್ಕೆ ಪರಂಪರೆ ಅಂತ ಹೆಸರಿಡುವುದನ್ನು ನಾನು ಯಾವತ್ತೂ ಒಪ್ಪಲಿಲ್ಲ. ಇದು ಯಾವ ಕೆಲಸಕ್ಕೆ ಬಂದದ್ದು ಅಂತ ಕೇಳಿದರೆ ಉತ್ತರ ಇಲ್ಲ. ನಿಯಮದ ಪ್ರಕಾರವೂ ಅದು ತಪ್ಪು. ನಿಮ್ಮ ಮಗನಿಗೆ ಅಂಥದ್ದು ಎದುರಾದರೆ ತನ್ನ ಅಧಿಕಾರಿಯ ಹತ್ತಿರ ಹೇಳೋಕೆ ನಾಚಿಕೆ ಪಡಬಾರದು ಅಂತ ಈಗಲೇ ಹೇಳಿಡಿ.

ಕೊನೆಯ ದಿನದ ಒಂದು ಪದ್ಧತಿಯನ್ನು ನಾನು ಹತ್ತಿರದಿಂದ ನೋಡಿದ್ದೇನೆ. ವರ್ಷಕ್ಕೆ ಎರಡು ಸಲ, ಮೇ ಕೊನೆಗೆ ಮತ್ತು ನವೆಂಬರ್ ಕೊನೆಗೆ, ಪಾಸಿಂಗ್ ಔಟ್ ಪೆರೇಡ್. ಅದು ಮುಗಿದ ಮೇಲೆ ಹೊಸ ಅಧಿಕಾರಿಯ ಭುಜಕ್ಕೆ ಪಟ್ಟಿ ಹಾಕುವುದು ಅಪ್ಪ ಅಮ್ಮ. ಅಡ್ಮಿರಲ್ ಅಲ್ಲ. ಬಿಳಿ ಬಟ್ಟೆಯ ಮೇಲಿನ ಆ ಪಟ್ಟಿ ಗಟ್ಟಿ ಹಲಗೆಯ ಹಾಗಿರುತ್ತದೆ, ಕತ್ತಿನ ಹತ್ತಿರ ಒಂದು ಸಣ್ಣ ಗುಂಡಿಯಲ್ಲಿ ಸಿಕ್ಕಿಸಬೇಕು. ಹೊಸ ಪಟ್ಟಿಯ ತೂತು ಬಿಗಿ. ಒಂದು ಸಲ ಒಬ್ಬ ತಾಯಿ, ಕೆಲಸ ಮಾಡಿ ಒರಟಾದ ಬೆರಳು, ಎಷ್ಟು ಹೊತ್ತಾದರೂ ಗುಂಡಿ ಹೋಗುತ್ತಿಲ್ಲ. ಹುಡುಗ ಆರಡಿ ಎತ್ತರ. ಅಮ್ಮನಿಗೆ ಎಟುಕಲಿ ಅಂತ ಮಂಡಿ ಬಗ್ಗಿಸುತ್ತಾ ಬಗ್ಗಿಸುತ್ತಾ ಅರ್ಧ ಕೂತೇಬಿಟ್ಟ. ನಾಲ್ಕು ವರ್ಷ "ನೆಟ್ಟಗೆ ನಿಲ್ಲು" ಅಂತ ಕೂಗಿದ್ದ ಡ್ರಿಲ್ ಮಾಸ್ಟರ್ ಪಕ್ಕದಲ್ಲೇ ಇದ್ದರು. ಅವರು ಬೇರೆ ಕಡೆ ನೋಡಿದರು. ಆ ತಾಯಿ ಕೊನೆಗೆ ಸೆರಗಿನಿಂದ ಕೈ ಒರೆಸಿಕೊಂಡು ಇನ್ನೊಂದು ಸಲ ಒತ್ತಿದರು, ಹೋಯಿತು. ಆಮೇಲೆ ಮಗನ ಬಿಳಿ ಅಂಗಿಯ ಮೇಲೆ ತನ್ನ ಬೆರಳಿನ ಅರಿಶಿನದ ಗುರುತು ಬಿದ್ದಿದೆಯಾ ಅಂತ ಬಗ್ಗಿ ನೋಡಿದರು. ಬಿದ್ದಿತ್ತು. ಅವನು ಅದನ್ನು ಒರೆಸೋಕೆ ಬಿಡಲಿಲ್ಲ.

ಹಾಸನಕ್ಕೂ ಸಮುದ್ರಕ್ಕೂ ಏನು ಸಂಬಂಧ ಅಂದರಲ್ಲ ನಿಮ್ಮ ಭಾವನವರು, ಸಾಲಗಾಮೆ ರಸ್ತೆಯಲ್ಲಿ ಇಸ್ರೋದವರ ದೊಡ್ಡ ಬಿಳಿ ತಟ್ಟೆಗಳು ಆಕಾಶ ನೋಡುತ್ತಾ ನಿಂತಿರುವುದನ್ನು ಅವರೂ ನೋಡಿರುತ್ತಾರೆ. ನೌಕಾಪಡೆಗಾಗಿಯೇ ಮಾಡಿದ ಜಿಸ್ಯಾಟ್–7 ಉಪಗ್ರಹ, ರುಕ್ಮಿಣಿ ಅಂತ ಕರೆಯುತ್ತಾರೆ, 2013ರ ಆಗಸ್ಟ್ 30ರಂದು ಹಾರಿತು. ಹಾರಿದ ಮೇಲೆ ಅದರ ಹಗ್ಗ ಹಿಡಿದದ್ದು ಹಾಸನದ ಈ ಕೇಂದ್ರ. ಅರಬ್ಬಿ ಸಮುದ್ರದಲ್ಲಿ ಹಡಗುಗಳು ಒಂದಕ್ಕೊಂದು ಮಾತಾಡುವುದರ ಹಿಂದೆ ನಮ್ಮ ಹಾಸನ ಇದೆ. ಕಾರವಾರದ ನೌಕಾನೆಲೆಯ ಹೆಸರು ಐಎನ್‌ಎಸ್ ಕದಂಬ, ಬನವಾಸಿಯ ಕದಂಬರ ನೆನಪಿಗೆ. ಇಷ್ಟು ಸಾಕಲ್ವಾ?

ನಿಮಗೆ ಮಗಳೂ ಇದ್ದರೆ ಅವಳಿಗೂ ಇದನ್ನು ಓದಿಸಿ. ಎನ್‌ಡಿಎ 2022ರಿಂದ ಹುಡುಗಿಯರನ್ನೂ ತೆಗೆದುಕೊಳ್ಳುತ್ತಿದೆ. ಮೊದಲ ತಂಡದ 17 ಹುಡುಗಿಯರು 2025ರ ಮೇ ಕೊನೆಗೆ ಹೊರಬಂದರು. ಅದೇ ವಾರದಲ್ಲಿ ನೌಕಾಪಡೆಯ ಇಬ್ಬರು ಅಧಿಕಾರಿಗಳು, ದಿಲ್ನಾ ಮತ್ತು ರೂಪಾ, ತಾರಿಣಿ ಅನ್ನುವ ಪುಟ್ಟ ಹಾಯಿ ದೋಣಿಯಲ್ಲಿ ಇಬ್ಬರೇ ಭೂಮಿ ಸುತ್ತಿ ಗೋವಾಕ್ಕೆ ವಾಪಸಾದರು. ಎಂಟು ತಿಂಗಳು, ನೀರಿನ ಮೇಲೆ.

ಇನ್ನು ಸೇರುವ ದಾರಿ. ಪಿಯುಸಿ ಹುಡುಗನಿಗೆ ಎರಡು ಬಾಗಿಲು. ಒಂದು, ಯುಪಿಎಸ್‌ಸಿ ನಡೆಸುವ ಎನ್‌ಡಿಎ ಪರೀಕ್ಷೆ, ವರ್ಷಕ್ಕೆ ಎರಡು ಸಲ. ಇನ್ನೊಂದು, ಜೆಇಇ ಮೇನ್ ರ್‍ಯಾಂಕಿನ ಮೇಲೆ ನೇರವಾಗಿ ಎಝಿಮಲದ ಬಿಟೆಕ್‌ಗೆ. ಇದಕ್ಕೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಸೇರಿ 70 ಪರ್ಸೆಂಟ್ ಬೇಕು, ಹತ್ತನೇ ಕ್ಲಾಸಿನಲ್ಲೋ ಪಿಯುಸಿಯಲ್ಲೋ ಇಂಗ್ಲಿಷಿನಲ್ಲಿ 50. ಎರಡಕ್ಕೂ ಎಸ್‌ಎಸ್‌ಬಿ, ಅಂದರೆ ಸೇನಾ ಆಯ್ಕೆ ಮಂಡಳಿಯ ಸಂದರ್ಶನ ಇದೆ, ಸುಮಾರು ಐದು ದಿನ. ಅಲ್ಲಿ ಹುಡುಗನ ಇಂಗ್ಲಿಷ್‌ನ ಠೀವಿ ನೋಡುವುದಿಲ್ಲ. ಹಗ್ಗ, ಹಲಗೆ, ಡ್ರಮ್ಮು ಕೊಟ್ಟು ಎಂಟು ಹತ್ತು ಜನರನ್ನು ಒಂದು ತಡೆ ದಾಟಿಸಿ ಅಂತಾರೆ. ಮನೆಯಲ್ಲಿ ಕಾಯಿ ಕೀಳಿಸಿ, ಆಳುಗಳ ಜೊತೆ ಗಾಡಿ ತುಂಬಿ ಅಭ್ಯಾಸ ಇರುವ ಹುಡುಗ ಅಲ್ಲಿ ಪೇಟೆಯವರಿಗಿಂತ ಸಲೀಸು. ಖರ್ಚಿನ ಚಿಂತೆ ಬೇಡ, ಓದು, ಪುಸ್ತಕ, ಬಟ್ಟೆ, ಊಟ ಎಲ್ಲ ನೌಕಾಪಡೆಯದೇ. ಆದರೆ ತಾನಾಗಿ ನಡುವೆ ಬಿಟ್ಟುಬಂದರೆ ಆ ಖರ್ಚು ವಾಪಸು ಕೇಳುತ್ತಾರೆ, ಅದು ತಲೆಯಲ್ಲಿರಲಿ. ಬಣ್ಣಗುರುಡು ಇದ್ದರೆ ತೆಗೆದುಕೊಳ್ಳುವುದಿಲ್ಲ. ಎರಡು ವರ್ಷ ಕೋಚಿಂಗಿಗೆ ದುಡ್ಡು ಸುರಿಯುವ ಮೊದಲು ಕಣ್ಣಿನ ಡಾಕ್ಟರ ಹತ್ತಿರ ಒಂದು ಸಲ ಕರೆದುಕೊಂಡು ಹೋಗಿ.

ಜಾಗ ನೋಡಬೇಕು ಅನ್ನಿಸಿದರೆ ಬೆಂಗಳೂರು–ಕಣ್ಣೂರು ರಾತ್ರಿ ರೈಲು ಹಾಸನದ ಮೇಲೇ ಹೋಗುತ್ತದೆ. ಪಯ್ಯನೂರಿನಲ್ಲಿ ಇಳಿಯಬೇಕು. ಅಕಾಡೆಮಿ ಒಳಗೆ ಸುಮ್ನೆ ಬಿಡುವುದಿಲ್ಲ, ಹೊರಗಿನಿಂದ ಬೆಟ್ಟ ನೋಡಿ ಬರಬಹುದು. ಹುಡುಗನಿಗೆ ಸಮುದ್ರವನ್ನಾದರೂ ತೋರಿಸಿದ ಹಾಗಾಯಿತು.

ಹಳ್ಳಿ ಹುಡುಗ ನಿಲ್ಲುತ್ತಾನಾ ಅಂತ ಕೇಳಿದಿರಿ. ನಾನು ನಿಂತೆ. ಆದರೆ ಮೊದಲ ತಿಂಗಳು ನನ್ನ ಮಾನ ಹೋಗಿದ್ದು ಓಟದಲ್ಲಲ್ಲ, ಇಂಗ್ಲಿಷಿನಲ್ಲೂ ಅಲ್ಲ. ಈಜಿನಲ್ಲಿ. ಹೇಮಾವತಿ ಹೊಳೆಯಲ್ಲಿ ಆಡಿ ಬೆಳೆದವನು, ಈಜು ಬರುತ್ತೆ ಅಂತ ಜಂಬ. ಹೊಳೆಯಲ್ಲಿ ನಾವು ಮಾಡುತ್ತಿದ್ದದ್ದು ಮೊಣಕಾಲು ನೀರಿನಲ್ಲಿ ಕೈಕಾಲು ಬಡಿಯೋದು ಅಂತ ಗೊತ್ತಾಗಿದ್ದು ಎತ್ತರದ ಹಲಗೆಯ ತುದಿಯಲ್ಲಿ ನಿಂತಾಗ. ಕೆಳಗೆ ತಳ ಕಾಣುವ ನೀಲಿ ನೀರು. ಹಿಂದೆ ಸಾಲಾಗಿ ಹುಡುಗರು. ಹಾರಿದೆ, ಹೊಟ್ಟೆ ಮೇಲೆ ಬಿದ್ದೆ, ಸಂಜೆವರೆಗೂ ಹೊಟ್ಟೆ ಕೆಂಪಗಿತ್ತು. ಪರೀಕ್ಷೆಯಲ್ಲಿ ಎರಡು ಸಲ ಫೇಲು. ಭಾನುವಾರ ಎಲ್ಲರೂ ಪಣಜಿಗೆ ಹೋದರೆ ನಾನು ನೀರಿನಲ್ಲಿ. ಕಾಲು ಹೇಗೆ ಆಡಿಸಬೇಕು ಅಂತ ಕಲಿಸಿಕೊಟ್ಟವನು ರಾಜಸ್ಥಾನದ ಹುಡುಗ. ಅವನ ಊರಲ್ಲಿ ಹೊಳೆಯೂ ಇರಲಿಲ್ಲ, ಸೇರಿದ ಮೇಲೆ ಅಲ್ಲೇ ಕಲಿತಿದ್ದ.

ಹಾಗಾಗಿ ಪರೀಕ್ಷೆ ಮುಗಿದ ರಜದಲ್ಲಿ ಮಗನಿಗೆ ಈಜು ಕಲಿಸಿ. ಕೆರೆಯಲ್ಲಿ ಬೇಡ, ಹೂಳಿರುತ್ತದೆ. ಕಲಿಸುವವರು ಇರುವ ಈಜುಕೊಳಕ್ಕೆ ಹಾಕಿ. ಹೊಟ್ಟೆ ಮೇಲೆ ಬಿದ್ದು ಕೆಂಪಗೆ ಮಾಡಿಕೊಂಡು ಬಂದರೆ ಕೊಬ್ಬರಿ ಎಣ್ಣೆ ಹಚ್ಚಿ. ನಿಮ್ಮ ಮನೆಯಲ್ಲಿ ಅದಕ್ಕೇನು ಕಮ್ಮಿ.